ಟಿವಿಯಲ್ಲಿ ಸರಿಯಿರುವ ಸಿನಿಮಾಗೆ ಟ್ಯಾಬ್‌ನಲ್ಲಿ ಧ್ವನಿ ಏಕಿಲ್ಲ?

ಪ್ರಶ್ನೆ: ರೈಲಿನಲ್ಲಿ ನೋಡೋಣವೆಂದು ಪೆನ್‌ಡ್ರೈವ್‌ನಿಂದ ಟ್ಯಾಬ್‌ಗೆ ಸಿನಿಮಾ ಹಾಕಿಕೊಂಡೆ. ಚಿತ್ರ ಬರುತ್ತದೆ, ಧ್ವನಿ ಇಲ್ಲ. ಅದೇ ಪೆನ್‌ಡ್ರೈವ್ ಟಿವಿಗೆ ಚುಚ್ಚಿದರೆ ಎಲ್ಲ ಸರಿ. ಟ್ಯಾಬ್ ಕೆಟ್ಟಿದೆಯೇ?

ಉತ್ತರ: ಯೂಟ್ಯೂಬ್‌ ಧ್ವನಿ ಕೇಳುತ್ತಿದ್ದರೆ ಟ್ಯಾಬ್ ಕೆಟ್ಟಿಲ್ಲ; ರಿಪೇರಿಗೆ ಕೊಟ್ಟು ದುಡ್ಡು ಕಳೆದುಕೊಳ್ಳಬೇಡಿ. ಸಿನಿಮಾ ಇರುವ ಎಂಕೆವಿ (.mkv) ತರಹದ ಫೈಲಿನೊಳಗೆ ಚಿತ್ರ, ಧ್ವನಿ, ಸಬ್‌ಟೈಟಲ್ ಬೇರೆಬೇರೆಯಾಗಿ ಕೂತಿರುತ್ತವೆ. ಚಿತ್ರ ಎಚ್.264 (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಆಗಿದ್ದರೆ ಈಗಿನ ಟ್ಯಾಬ್‌ಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಧ್ವನಿ ಡಾಲ್ಬಿಯ ಎಸಿ-3, ಇ-ಎಸಿ-3 ಅಥವಾ ಡಿಟಿಎಸ್ ಎಂಬ ಮಾದರಿಯದಾಗಿದ್ದರೆ ಮಾತ್ರ ಅದನ್ನು ಬಿಡಿಸುವ ಡಿಕೋಡರ್ ಅನ್ನು ತಯಾರಕರು ಸೇರಿಸಿರಬೇಕು. ಟಿವಿಯವರು ಡಾಲ್ಬಿಯದನ್ನು ಸಾಮಾನ್ಯವಾಗಿ ಸೇರಿಸಿರುತ್ತಾರೆ, ಅಗ್ಗದ ಟ್ಯಾಬ್‌ನವರು ಹಲವು ಸಲ ಕೈಬಿಟ್ಟಿರುತ್ತಾರೆ.

ಮೊದಲು ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಆ್ಯಪ್ ಹಾಕಿ ನೋಡಿ. ಧ್ವನಿ ಬಿಡಿಸುವ ಡಿಕೋಡರ್ ಆ ಆ್ಯಪ್‌ನೊಳಗೇ ಇದೆ, ಟ್ಯಾಬ್‌ನದ್ದು ಬೇಕಿಲ್ಲ. ಬಹುಪಾಲು ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಇದನ್ನು ಮನೆಯಲ್ಲೇ ಮಾಡಿ. ರೈಲು ಸಕಲೇಶಪುರ ದಾಟಿ ಘಾಟಿಯ ಸುರಂಗಗಳಿಗೆ ನುಗ್ಗಿದ ಮೇಲೆ ಆ್ಯಪ್ ಇಳಿಸಿಕೊಳ್ಳಲು ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ.

ಇನ್ನೊಂದು ತರಹದ ತೊಂದರೆಯೂ ಇದೆ: ಹಾಡು ಜೋರಾಗಿ ಕೇಳುತ್ತದೆ, ಮಾತು ಎಲ್ಲೋ ದೂರದಿಂದ ಬಂದಂತಿರುತ್ತದೆ. 5.1 ಧ್ವನಿಯಲ್ಲಿ (ಆರು ಚಾನೆಲ್‌ನ ಸರೌಂಡ್ ಧ್ವನಿ) ಸಂಭಾಷಣೆ ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ. ಪ್ಲೇಯರ್ ಅದನ್ನು ಎಡ-ಬಲಕ್ಕೆ ಸರಿಯಾಗಿ ಬೆರೆಸದಿದ್ದರೆ ಹೀಗಾಗುತ್ತದೆ. ಆಡಿಯೊ ಟ್ರ್ಯಾಕ್ ಪಟ್ಟಿಯಲ್ಲಿ ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ.

ಯಾವ ಪ್ಲೇಯರ್‌ನಲ್ಲೂ ಓಡಲೇಬೇಕೆಂದರೆ ಕಂಪ್ಯೂಟರ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಬಳಸಿ ಧ್ವನಿಯನ್ನಷ್ಟೇ ಬದಲಿಸಿ: ವಿಡಿಯೊಗೆ ‘ಕಾಪಿ’ (ಇದ್ದಂತೆಯೇ ನಕಲು), ಆಡಿಯೊಗೆ ಎಎಸಿ (ಎಲ್ಲೆಡೆ ಓಡುವ ಧ್ವನಿ ಮಾದರಿ), 2 ಚಾನೆಲ್, 192 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್). ಚಿತ್ರವನ್ನು ಮುಟ್ಟದ ಕಾರಣ ಕೆಲವೇ ನಿಮಿಷದ ಕೆಲಸ, ಚಿತ್ರದ ಗುಣಮಟ್ಟವೂ ಕುಂದುವುದಿಲ್ಲ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ಬಳಸಲು ಸುಲಭ, ಆದರೆ ಅದು ಚಿತ್ರವನ್ನೂ ಮತ್ತೆ ಎನ್‌ಕೋಡ್ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಹಿಡಿದೀತು. ಇಷ್ಟಕ್ಕೆ ಅದು ಬೇಡ. ಎರಡೂವರೆ ಗಂಟೆಯ ಸಿನಿಮಾದಲ್ಲಿ 640 ಕೆಬಿಪಿಎಸ್‌ನ ಡಾಲ್ಬಿ ಧ್ವನಿಯೇ 720 ಎಂಬಿ ತಿನ್ನುತ್ತದೆ, ಬದಲಿಸಿದ ಮೇಲೆ 216 ಎಂಬಿ. ಉಳಿದ ಜಾಗ ಟ್ಯಾಬ್‌ಗೆ ಲಾಭ.

ಬ್ಲೂಟೂತ್ ಇಯರ್‌ಫೋನ್‌ನಲ್ಲಿ ತುಟಿಗಿಂತ ಮಾತು ಹಿಂದೆ ಬಿದ್ದರೆ, ವಿಎಲ್‌ಸಿಯ ಆಡಿಯೊ ಡಿಲೇಯನ್ನು ಮೈನಸ್ 150 ಮಿಲಿಸೆಕೆಂಡ್‌ಗೆ ಇಟ್ಟು, ಅಲ್ಲಿಂದ 50ರಂತೆ ಹೆಚ್ಚುಕಡಿಮೆ ಮಾಡಿ ಹೊಂದಿಸಿ.