ಬಸ್ಸಿನಲ್ಲಿ ಮುಂದಿನ ಸೀಟು, ಹಡಗಿನಲ್ಲಿ ನಡುವಿನ ರೂಮು

ಮೈಸೂರಿನಿಂದ ಊಟಿ ಬಸ್ಸು ಹತ್ತುವಾಗ ಹೊಟ್ಟೆ ತೊಳಸುವವರಿಗೆ ಮನೆಯವರು ಹೇಳುವುದು ಒಂದೇ ಮಾತು: ಮುಂದಿನ ಸೀಟು ಹಿಡಿ. ಕೈಯಲ್ಲೊಂದು ನಿಂಬೆಹಣ್ಣು, ಕಣ್ಣು ರಸ್ತೆಯ ಮೇಲೆ. ಮಂಡ್ಯದ ನಮ್ಮ ಭಾವ ಕೂಡ ಇದನ್ನೇ ನಂಬಿದವರು. ಅಕ್ಕನ ಜೊತೆ ಮುಂಬೈನಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹಡಗಿನಲ್ಲಿ ಹೋಗಬೇಕು ಅಂತ ಅವರಿಗೆ ಆಸೆ. ಏಜೆಂಟ್ ಕೊಟ್ಟ ಡೆಕ್ ಪ್ಲಾನು, ಅಂದರೆ ಹಡಗಿನ ಒಂದೊಂದು ಅಂತಸ್ತಿನ ನಕ್ಷೆ, ಹರಡಿಕೊಂಡು ಕೂತರು. ಸಾಲುಸಾಲು ಚೌಕಗಳು, ಒಂದೊಂದಕ್ಕೂ ಒಂದು ನಂಬರು. ಹಡಗಿನ ಮೂತಿಯ ಮೇಲೆ ಬೆರಳಿಟ್ಟು ಅಂದರು: "ಮುಂದ್ಗಡೆ ರೂಮೇ ಹಿಡಿಯಾನ ಕಣಯ್ಯ. ನಿಮ್ಮಕ್ಕಂಗೆ ಬಸ್ಸಲ್ಲೇ ತಡಿಯಾಕಾಗಲ್ಲ, ಇನ್ನು ಹಡಗಲ್ಲಿ?"

ಬಸ್ಸಿಗೆ ಈ ಲೆಕ್ಕ ಸರಿ. ಹಡಗಿನಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ.

ಯಾಕೆ ಅನ್ನೋದಕ್ಕೆ ಕಿವಿಯೊಳಗೆ ಹೋಗಬೇಕು. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯ ಮುಂದೆ ದಿನಾ ಓಡಾಡುವ ನಮಗೆ ಕಿವಿ ಅಂದರೆ ಕೇಳುವುದಕ್ಕೆ ಮಾತ್ರ ಅನ್ನಿಸಿರುತ್ತದೆ. ಆದರೆ ಒಳಗಿವಿಯಲ್ಲೇ, ತಲೆಬುರುಡೆಯ ಮೂಳೆಯೊಳಗೆ, ಮೈಯ ಸಮತೋಲ ನೋಡಿಕೊಳ್ಳುವ ಅಂಗವೂ ಇದೆ. ಬಳೆಯ ಚೂರಿನಂತೆ ಬಾಗಿದ ಮೂರು ನಾಳಗಳು ತಲೆ ಯಾವ ಕಡೆ ತಿರುಗಿತು ಎಂದು ಹೇಳುತ್ತವೆ. ಅವುಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗೆ ಅಂಟಂಟಾದ ಒಂದು ಪದರ, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ಸುಣ್ಣಕಲ್ಲಿನಲ್ಲಿರುವ ವಸ್ತುವಿನದೇ, ಸಣ್ಣಸಣ್ಣ ಹರಳುಗಳು. ಮೈ ಮೇಲೆದ್ದರೆ, ಮುಂದೆ ಜಗ್ಗಿದರೆ, ಭಾರದ ಹರಳುಗಳು ಒಂದು ಕ್ಷಣ ಹಿಂದೆ ಉಳಿಯುತ್ತವೆ. ಪದರದ ಕೆಳಗಿನ ಕೂದಲಿನಂಥ ಎಳೆಗಳು ಬಾಗುತ್ತವೆ. ಸುದ್ದಿ ಮಿದುಳಿಗೆ ಹೋಗುತ್ತದೆ.

ಕಿವಿ ಹೇಳಿದ್ದನ್ನು ಮಿದುಳು ಕಣ್ಣು ಹೇಳಿದ್ದರ ಜೊತೆ, ಹಳೆಯ ಅನುಭವದ ಜೊತೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮೊದಲು ಆಕಳಿಕೆ, ತಣ್ಣನೆಯ ಬೆವರು, ಬಾಯಿತುಂಬ ನೀರು. ಆಮೇಲಿನದ್ದು ಎಲ್ಲರಿಗೂ ಗೊತ್ತು. ಬಸ್ಸಿನ ಡ್ರೈವರ್‌ಗೆ ಯಾಕೆ ವಾಂತಿ ಬರುವುದಿಲ್ಲ? ಸ್ಟೀರಿಂಗ್ ಅವರ ಕೈಯಲ್ಲಿದೆ, ತಿರುವು ಬರುವ ಮೊದಲೇ ಅವರ ಮಿದುಳಿಗೆ ಅದು ಗೊತ್ತು. ಮುಂದಿನ ಸೀಟಿನವರಿಗೂ ರಸ್ತೆ ಕಾಣುವುದರಿಂದ ಅದರಲ್ಲಿ ಸ್ವಲ್ಪ ಪಾಲು ಸಿಗುತ್ತದೆ.

ಇದರಲ್ಲಿ ಒಳಗಿವಿಯ ಪಾಲು ಎಷ್ಟು ದೊಡ್ಡದು ಎಂದು ತೋರಿಸಿದ್ದು ಕಿವುಡರು. 1958ರಿಂದ ಅಮೆರಿಕದ ನೌಕಾಪಡೆಯ ವೈದ್ಯರು ಕಿವುಡರಿಗೆಂದೇ ಇದ್ದ ಗ್ಯಾಲಡೆಟ್ ಕಾಲೇಜಿನ 11 ಪುರುಷರನ್ನು ಕರೆದು ಪರೀಕ್ಷೆ ಶುರುಮಾಡಿದರು. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಮುಂಚಿನ ತಯಾರಿ ಅದು. ಇವರಲ್ಲಿ 10 ಜನರಿಗೆ ಚಿಕ್ಕಂದಿನಲ್ಲಿ ಮಿದುಳು ಪೊರೆಯ ಜ್ವರ ಬಂದು ಶ್ರವಣ ಹೋಗಿತ್ತು, ಜೊತೆಗೆ ಒಳಗಿವಿಯ ಸಮತೋಲದ ಅಂಗವೂ ಕೆಟ್ಟಿತ್ತು. ಕೆನಡಾದ ನೋವಾ ಸ್ಕೋಶಿಯಾ ಕರಾವಳಿಯ ಭೋರ್ಗರೆಯುವ ಸಮುದ್ರದಲ್ಲಿ ಒಂದು ಫೆರಿ ಹತ್ತಿಸಿ ಕರೆದುಕೊಂಡು ಹೋದರು. ಇವರು ಆರಾಮಾಗಿ ಇಸ್ಪೀಟು ಆಡುತ್ತ ಕೂತರು. ಪರೀಕ್ಷೆ ಮಾಡಬೇಕಾದ ಸಂಶೋಧಕರೇ ಹೊಟ್ಟೆ ತೊಳಸಿ ಸುಸ್ತಾದರು, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಸೋಲು ಇದು.

ಈಗ ಹಡಗಿಗೆ ಬರೋಣ. ಅಲೆ ಎದುರಿನಿಂದ ಬಂದರೆ ಹಡಗಿನ ಮೂತಿ ಮೇಲೇಳುತ್ತದೆ, ಬಾಲ ಇಳಿಯುತ್ತದೆ. ಆಮೇಲೆ ಇದೇ ತಿರುಗುಮುರುಗು. ಹೆಚ್ಚುಕಡಿಮೆ ನಡುವಿನ ಒಂದು ಜಾಗವನ್ನು ಕೀಲಾಗಿ ಮಾಡಿಕೊಂಡು ಇಡೀ ಹಡಗು ಏರಿಳಿಯುತ್ತದೆ. ಕೀಲಿನಿಂದ ದೂರ ಹೋದಷ್ಟೂ ಏರಿಳಿತ ಜಾಸ್ತಿ. ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಹಂಪ್ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಚಕ್ರದಾಚೆ ಚಾಚಿಕೊಂಡ ಜಾಗ ಅದು, ಎರಡು ಚಕ್ರಗಳ ನಡುವೆ ಕೂತವರಿಗಿಂತ ಅಲ್ಲಿನವರಿಗೆ ಏಟು ಜೋರು.

ಲೆಕ್ಕ ಹಾಕಿಯೇ ನೋಡೋಣ. ಮುಂಬೈನಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನ ಉದ್ದ ಸುಮಾರು 211 ಮೀಟರ್. ಅಂಥ ಹಡಗು ಬರೀ ಒಂದು ಡಿಗ್ರಿ ಮೂತಿ ಎತ್ತಿ, ಮತ್ತೆ ಒಂದು ಡಿಗ್ರಿ ಇಳಿಸಿತು ಅನ್ನಿ. ಕೀಲಿನಿಂದ 90 ಮೀಟರ್ ದೂರದ ರೂಮಿನಲ್ಲಿ ಮಲಗಿದವರು ಮೂರು ಮೀಟರಿಗಿಂತ ಜಾಸ್ತಿ ಏರಿಳಿಯುತ್ತಾರೆ. ಮನೆಯ ಒಂದು ಅಂತಸ್ತಿನಷ್ಟು! ಕೀಲಿನಿಂದ 10 ಮೀಟರ್ ದೂರದವರಿಗೆ ಅದೇ ಹೊತ್ತಲ್ಲಿ ಸುಮಾರು 35 ಸೆಂಟಿಮೀಟರ್. ಇಡೀ ಹಡಗೇ ಅಲೆಯ ಮೇಲೆ ಒಟ್ಟಾಗಿ ಏಳುವುದು ಬೇರೆ ಇದೆ, ಅದು ಎಲ್ಲ ರೂಮಿಗೂ ಸಮ. ಮೂತಿಯ ರೂಮಿನವರಿಗೆ ಅಲೆ ಬಂದು ಬಡಿಯುವ ಸದ್ದೂ ಸಿಗುತ್ತದೆ.

ಎಷ್ಟು ಏರಿಳಿಯಿತು ಅನ್ನುವುದರಷ್ಟೇ ಎಷ್ಟು ಹೊತ್ತಿಗೊಮ್ಮೆ ಅನ್ನುವುದೂ ಮುಖ್ಯ. 1974ರಲ್ಲಿ ಓಹ್ಯಾನ್ಲನ್ ಮತ್ತು ಮೆಕಾಲಿ ಎಂಬ ಅಮೆರಿಕದ ಸಂಶೋಧಕರು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಆ ಕೋಣೆಯನ್ನೇ ಬೇರೆಬೇರೆ ವೇಗದಲ್ಲಿ ಮೇಲೆ-ಕೆಳಗೆ ಆಡಿಸಿ ಯಾರಿಗೆ ಯಾವಾಗ ವಾಂತಿಯಾಗುತ್ತದೆ ಎಂದು ಬರೆದಿಟ್ಟರು. ಎಲ್ಲಕ್ಕಿಂತ ಕಾಡಿದ್ದು ಐದಾರು ಸೆಕೆಂಡಿಗೊಮ್ಮೆ ಬರುವ ನಿಧಾನದ ಏರಿಳಿತ. ಸೆಕೆಂಡಿಗೆ ಒಂದೆರಡು ಸಲ ಕುಲುಕುವುದರಿಂದ ಸೊಂಟ ನೋಯಬಹುದು, ಹೊಟ್ಟೆ ತೊಳಸುವುದು ಅಪರೂಪ. ಹಾಗಾಗಿಯೇ ಗುಂಡಿಬಿದ್ದ ರಸ್ತೆ ತಡೆದುಕೊಂಡವರು ನುಣ್ಣಗಿನ ಘಾಟಿ ರಸ್ತೆಯಲ್ಲಿ ಕವರ್ ಕೇಳುವುದು.

ಹಡಗು ಈ ಕೆಟ್ಟ ಲಯಕ್ಕೆ ತಾನೇ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. 11 ಸೆಕೆಂಡಿಗೊಂದು ಬರುವ ಉದ್ದನೆಯ ಅಲೆಗಳಿಗೆ ಎದುರಾಗಿ ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ ಹೊರಟರೆ ಎಂಟು ಸೆಕೆಂಡಿನೊಳಗೇ ಮುಂದಿನ ಅಲೆ ಸಿಗುತ್ತದೆ. ಎರಡರಿಂದ ಹತ್ತು ಸೆಕೆಂಡಿನ ನಡುವಿನದ್ದೆಲ್ಲ ಹೊಟ್ಟೆಗೆ ಕಷ್ಟವೇ.

ಮೇಲಿನ ಡೆಕ್ಕೋ, ಕೆಳಗಿನದ್ದೋ? ಇದು ಅಕ್ಕಪಕ್ಕದ ಓಲಾಟದ ಪ್ರಶ್ನೆ. ಓಲಾಟದ ನಡುಗೆರೆ ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ 30 ಮೀಟರ್ ಎತ್ತರದ ರೂಮು, ಹಡಗು ಎರಡು ಡಿಗ್ರಿ ವಾಲಿದರೆ ಒಂದು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಕೆಳಗೆ ಐದು ಮೀಟರಿನಲ್ಲಿ ಅದು 17 ಸೆಂಟಿಮೀಟರ್. ಆದರೆ ದೊಡ್ಡ ಹಡಗುಗಳ ಓಲಾಟ ತುಂಬ ನಿಧಾನ, ಅದನ್ನು ತಡೆಯಲು ನೀರಿನೊಳಗಿನ ಹಡಗಿನ ಮೈಯ ಎರಡೂ ಬದಿಯಲ್ಲಿ ರೆಕ್ಕೆಗಳೂ ಇರುತ್ತವೆ. ಹರಿಯುವ ನೀರಿಗೆ ಕೋನ ಬದಲಿಸಿ ಅವು ಹಡಗನ್ನು ನೆಟ್ಟಗಿಡುತ್ತವೆ, ಹಡಗು ಓಡುತ್ತಿರುವಾಗ ಮಾತ್ರ. ಮೂತಿ-ಬಾಲದ ಏರಿಳಿತಕ್ಕೆ ಆ ರೆಕ್ಕೆಗಳಿಂದ ಪ್ರಯೋಜನ ಇಲ್ಲ. ಆದ್ದರಿಂದ ನಡುವಿನ ಮೇಲಿನ ಡೆಕ್ಕು, ಮೂತಿಯ ಕೆಳಗಿನ ಡೆಕ್ಕು ಎರಡೇ ಉಳಿದಿದ್ದರೆ ನಾನಂತೂ ಕಣ್ಣುಮುಚ್ಚಿ ನಡುವಿನದನ್ನೇ ತೆಗೆದುಕೊಳ್ಳುತ್ತೇನೆ. ಬಾಲದ ಕಡೆಯದ್ದು ಮೂತಿಯಷ್ಟು ಕೆಟ್ಟದ್ದಲ್ಲ, ಕೀಲು ಸಾಮಾನ್ಯವಾಗಿ ಸರಿಯಾದ ನಡುವಿಗಿಂತ ಕೊಂಚ ಹಿಂದೆ ಇರುತ್ತದೆ.

ಕಿಟಕಿ ಬೇಕೋ ಬೇಡವೋ ಅನ್ನುವುದು ತುಸು ತಕರಾರಿನ ವಿಷಯ. ಒಳಗಿನ ಕಿಟಕಿಯಿಲ್ಲದ ರೂಮು ಹಡಗಿನ ನಡುಗೆರೆಗೆ ಹತ್ತಿರ, ಅಲ್ಲಾಟ ಚೂರು ಕಮ್ಮಿ, ಕಾಸೂ ಕಮ್ಮಿ. ಆದರೆ ನೆಲ ಓಲಾಡುತ್ತಿದೆ ಅಂತ ಕಿವಿ ಹೇಳುವಾಗ, ಗೋಡೆಗಳು ಗಟ್ಟಿಯಾಗಿ ನಿಂತಿವೆ ಅಂತ ಕಣ್ಣು ಹೇಳುತ್ತದೆ. ಕಿಟಕಿಯಿದ್ದರೆ ಅಲುಗಾಡದ ದಿಗಂತವೊಂದು ಕಣ್ಣಿಗೆ ಸಿಗುತ್ತದೆ. ನನ್ನ ಮಾತು ಕೇಳಿದರೆ, ರೂಮನ್ನು ಮಲಗಲು ಮಾತ್ರ ಬಳಸುವವರಿಗೆ ಒಳಗಿನದ್ದೇ ಸಾಕು. ಅಂಗಾತ ಮಲಗಿ ಕಣ್ಣು ಮುಚ್ಚಿದರೆ ತೊಳಸುವುದು ಹೇಗೂ ಕಡಿಮೆಯಾಗುತ್ತದೆ. ಎದ್ದಿರುವ ಹೊತ್ತು ಡೆಕ್ ಮೇಲೆ ಹೋಗಿ ದೂರ ನೋಡಬಹುದು. ಸುಮ್ನೆ ರೂಮಿನಲ್ಲಿ ಕೂತು ಮೊಬೈಲ್ ನೋಡುವವರಿಗೆ ಯಾವ ಡೆಕ್ಕೂ ಒಗ್ಗುವುದಿಲ್ಲ.

ಅರಬ್ಬಿ ಸಮುದ್ರ ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿಗೆ ರೊಚ್ಚಿಗೆದ್ದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಈ ಲೆಕ್ಕದಲ್ಲಿ ಅರ್ಧ ಬೇಕಾಗದೇ ಇರಬಹುದು. ಬಸ್ಸಿಗೆ ನುಂಗುವ ಅವೋಮಿನ್ ಮಾತ್ರೆ ಹಡಗಿಗೂ ಆಗುತ್ತದೆ, ಆದರೆ ಹೊರಡುವ ಮೊದಲೇ ನುಂಗಬೇಕು. ನಿದ್ದೆ ಎಳೆಯುತ್ತದೆ. ವಯಸ್ಸಾದವರು, ಬೇರೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ.

ಟಿಕೆಟ್ ಮಾಡಿಸುವಾಗ ಇನ್ನೊಂದು ಕಡೆ ಹುಷಾರಾಗಿರಬೇಕು. ಕೆಲವು ಹಡಗುಗಳಲ್ಲಿ ಅಗ್ಗದ ದರಕ್ಕೆ ಯಾವ ರೂಮು ಅಂತ ಮೊದಲು ಹೇಳುವುದಿಲ್ಲ, ಕೊನೆಗೆ ಉಳಿದದ್ದನ್ನು ಅವರೇ ಕೊಡುತ್ತಾರೆ. ಹೊಟ್ಟೆ ಗಟ್ಟಿಯಿರುವವರಿಗೆ ಪರವಾಗಿಲ್ಲ. ಅಕ್ಕನಂಥವರಾದರೆ ಪ್ಲಾನಿನಲ್ಲಿ ನಡುವಿನ ಲಿಫ್ಟ್ ಎಲ್ಲಿದೆ ಅಂತ ಹುಡುಕಿ, ಅದರ ಆಚೀಚೆಯ ನಾಲ್ಕಾರು ಚೌಕಗಳಲ್ಲಿ ಕೆಳಗಿನ ಡೆಕ್ಕಿನದೊಂದನ್ನು ಹಿಡಿದು, ನಂಬರು ಬರೆಸಿಕೊಂಡ ಮೇಲೇ ದುಡ್ಡು ಕಟ್ಟಿ.