ದವಡೆ ಕೀಲಿನ ನೋವು: ಅವಸರದ ರಿಪೇರಿ ಬೇಡ

ಎರಡೂ ತೋರುಬೆರಳನ್ನು ಕಿವಿಯ ಮುಂದೆ, ಕೆನ್ನೆ ಶುರುವಾಗುವ ಜಾಗದಲ್ಲಿ ಇಟ್ಟುಕೊಳ್ಳಿ. ಈಗ ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನ ಕೆಳಗೆ ಏನೋ ಗುಂಡಗಿನದು ಮುಂದಕ್ಕೆ ಜಾರಿತು, ಅಲ್ವಾ? ಅದು ಕೆಳದವಡೆ ಮೂಳೆಯ ತಲೆ. ಬಾಯಿ ಎರಡು, ಎರಡೂವರೆ ಸೆಂಟಿಮೀಟರ್ ತೆರೆಯುವವರೆಗೆ ಅದು ಹೆಚ್ಚುಕಡಿಮೆ ಇದ್ದಲ್ಲೇ ತಿರುಗುತ್ತದೆ. ಇನ್ನೂ ಅಗಲಿಸಿದರೆ ತನ್ನ ಗುಳಿಯಿಂದ ಹೊರಟು ಮುಂದಿರುವ ಮೂಳೆಯ ಇಳಿಜಾರಿನ ಮೇಲೆ ಜಾರುತ್ತದೆ. ಎಡಗಡೆ, ಬಲಗಡೆ ಎರಡೂ ಕೀಲುಗಳಿಗೆ ಸೇರಿ ಇರುವುದು ಒಂದೇ ಮೂಳೆ. ಹಾಗಾಗಿ ಒಂದು ಅಲುಗಿದರೆ ಇನ್ನೊಂದೂ ಅಲುಗಲೇಬೇಕು. ಮಾತು, ಊಟ, ಆಕಳಿಕೆ ಎಲ್ಲಕ್ಕೂ ಈ ಜೋಡಿಯೇ ಬೇಕು. ವೈದ್ಯರು ಇದನ್ನು ಟಿಎಂಜೆ ಅನ್ನುತ್ತಾರೆ. ಇದರದ್ದೋ, ಇದನ್ನು ಆಡಿಸುವ ಸ್ನಾಯುಗಳದ್ದೋ ತೊಂದರೆಗಳಿಗೆ ಒಟ್ಟಾಗಿ ಟಿಎಂಡಿ ಎಂದು ಹೆಸರು.

ಬಾಯಿ ತೆರೆದಾಗ ಕೆಲವರಿಗೆ 'ಕಟಕ್' ಅಂತ ಸದ್ದು ಬರುತ್ತದೆ. ಇದಕ್ಕೆ ಜನ ತುಂಬಾ ಹೆದರುತ್ತಾರೆ. ನಡೆಯುವುದು ಇಷ್ಟು. ಮೂಳೆಯ ತಲೆಗೂ ಮೇಲಿನ ಗುಳಿಗೂ ನಡುವೆ ಗಟ್ಟಿ ನಾರಿನ ಒಂದು ಡಿಸ್ಕ್ ಇದೆ. ನಡುವೆ ತೆಳು, ಅಂಚಿನಲ್ಲಿ ದಪ್ಪ. ದವಡೆ ಜಾರುವಾಗ ಅದೂ ಜೊತೆಗೇ ಜಾರಬೇಕು. ಕೆಲವರಲ್ಲಿ ಈ ಡಿಸ್ಕ್ ಸ್ವಲ್ಪ ಮುಂದಕ್ಕೆ ಸರಿದು ಕೂತಿರುತ್ತದೆ. ಬಾಯಿ ತೆರೆದಾಗ ಮೂಳೆಯ ತಲೆ ಆ ದಪ್ಪ ಅಂಚನ್ನು ದಾಟಿ ನಡುವಿನ ತೆಳು ಜಾಗಕ್ಕೆ ಬರುತ್ತದೆ. ಆ ದಾಟುವಿಕೆಯ ಸದ್ದೇ ಇದು. ಯಾವ ನೋವೂ ಇಲ್ಲದವರನ್ನು ಎಂಆರ್‌ಐ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರ ಡಿಸ್ಕ್ ಹೀಗೆ ಸರಿದಿರುವುದು ಕಾಣುತ್ತದೆ. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ, ಬರೀ ಸದ್ದು ಮಾತ್ರ ಇದೆ ಅಂದರೆ ಚಿಕಿತ್ಸೆ ಬೇಕಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಯಾಕೆಂದರೆ ಸದ್ದು ನಿಲ್ಲಿಸಲು ಹೋಗಿ ಇಲ್ಲದ ನೋವು ತಂದುಕೊಂಡವರಿದ್ದಾರೆ.

ಸರಿದ ಡಿಸ್ಕ್ ಒಮ್ಮೊಮ್ಮೆ ಅಡ್ಡವಾಗಿ ನಿಂತುಬಿಡುತ್ತದೆ. ಆಗ ಸದ್ದು ಹೋಗುತ್ತದೆ, ಬಾಯಿಯೂ ತೆರೆಯುವುದಿಲ್ಲ. ಆರೋಗ್ಯವಂತ ದೊಡ್ಡವರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರ್‌ಗಿಂತ ಜಾಸ್ತಿ ತೆರೆಯುತ್ತದೆ. ಅಂದರೆ ನಿಮ್ಮದೇ ಮೂರು ಬೆರಳು ಉದ್ದಕ್ಕೆ ಒಂದರ ಮೇಲೊಂದು ಹಿಡಿಸಬೇಕು. ಹೀಗೆ ಕಚ್ಚಿಕೊಂಡ ದವಡೆಗೆ ಒಂದೋ ಎರಡೋ ಬೆರಳಷ್ಟೇ ಹಿಡಿಸುತ್ತದೆ. ಡಿಸ್ಕನ್ನು ಮತ್ತೆ ಅದರ ಜಾಗಕ್ಕೆ ತರದೆ ಬಾಯಿ ತೆರೆಯುವುದೇ ಇಲ್ಲ ಎಂದು ಎಷ್ಟೋ ಕಾಲ ನಂಬಿದ್ದರು. 1991ರಲ್ಲಿ ಇಸ್ರೇಲಿನ ಶಸ್ತ್ರವೈದ್ಯೆ ಡೊರಿಟ್ ನಿಟ್ಸಾನ್ ಮತ್ತು ಅವರ ಜೊತೆಗಾರರು ಒಂದು ಸರಳ ವಿಧಾನ ಹೇಳಿದರು. ಎರಡು ಸೂಜಿ ಚುಚ್ಚಿ, ಒಂದರಿಂದ ದ್ರವ ಹಾಯಿಸಿ, ಇನ್ನೊಂದರಿಂದ ಹೊರಬಿಟ್ಟು ಕೀಲನ್ನು ತೊಳೆಯುವುದು, ಅಷ್ಟೇ. ಬಾಯಿ ತೆರೆಯಿತು! ಡಿಸ್ಕ್ ಮಾತ್ರ ಸರಿದಲ್ಲೇ ಇತ್ತು. ಡಿಸ್ಕ್ ಎಲ್ಲಿದೆ ಎಂಬುದೊಂದೇ ಕಾಯಿಲೆಯನ್ನು ತೀರ್ಮಾನಿಸುವುದಿಲ್ಲ ಎಂದು ಇದರಿಂದ ಗೊತ್ತಾಯಿತು.

ಇದಕ್ಕೆ ತೀರಾ ಉಲ್ಟಾ ತೊಂದರೆಯೂ ಇದೆ. ಜೋರಾಗಿ ಆಕಳಿಸಿದಾಗ ಮೂಳೆಯ ತಲೆ ಇಳಿಜಾರಿನ ತುದಿಯನ್ನೂ ದಾಟಿಬಿಟ್ಟರೆ ಬಾಯಿ ತೆರೆದದ್ದು ಮುಚ್ಚುವುದಿಲ್ಲ. ಇದನ್ನು ಸರಿಮಾಡುವ ವಿಧಾನ ಸುಮಾರು 3,600 ವರ್ಷ ಹಳೆಯ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿದೆ. ಹೆಬ್ಬೆರಳುಗಳನ್ನು ಬಾಯೊಳಗೆ, ಉಳಿದ ಬೆರಳುಗಳನ್ನು ಗದ್ದದ ಕೆಳಗೆ ಇಟ್ಟು ದವಡೆಯನ್ನು ಹಿಂದಕ್ಕೆ ಕೂರಿಸುವುದು. ಇವತ್ತಿಗೂ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ.

ಆದರೆ ದವಡೆ ನೋವು ಅಂತ ಬರುವವರಲ್ಲಿ ಹೆಚ್ಚಿನವರ ನೋವು ಸ್ನಾಯುಗಳದ್ದು. ಹಲ್ಲು ಗಟ್ಟಿಯಾಗಿ ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯು ಒಂದು. ಕಣತಲೆಯ ಮೇಲೆ ಅಗಲವಾಗಿ ಹರಡಿರುವುದು ಇನ್ನೊಂದು. ಮತ್ತೆರಡು ಒಳಗಡೆ ಅಡಗಿವೆ. ಕಣತಲೆಯ ಸ್ನಾಯು ನೋಯತೊಡಗಿದರೆ ಅದನ್ನು ತಲೆನೋವು ಅಂದುಕೊಳ್ಳುತ್ತೇವೆ. ಕೆನ್ನೆಯದು ನೋಯ್ದರೆ ಹಲ್ಲುನೋವು ಅಂದುಕೊಳ್ಳುತ್ತೇವೆ. ಕಿವಿನೋವು ಎಂದು ಕಿವಿ ವೈದ್ಯರ ಹತ್ತಿರ ಹೋಗಿ, ಕಿವಿಯಲ್ಲಿ ಏನೂ ಇಲ್ಲ ಅಂತ ಹೇಳಿಸಿಕೊಂಡು ಬರುವವರೂ ಬಹಳ. ಕಿವಿಗೂ ದವಡೆಗೂ ಅಷ್ಟು ನೆಂಟಸ್ತನ. ಕಿವಿಯ ಕಾಲುವೆಯ ಮುಂದಿನ ಗೋಡೆಯ ಆಚೆಗೇ ಈ ಕೀಲಿದೆ, ಎರಡಕ್ಕೂ ಒಂದೇ ನರದ ಕವಲುಗಳು ಹೋಗುತ್ತವೆ. ಇನ್ನೂ ಸೋಜಿಗದ ವಿಷಯವೊಂದಿದೆ. ನಮ್ಮ ನಡುಗಿವಿಯಲ್ಲಿ ಸದ್ದನ್ನು ದಾಟಿಸುವ ಮೂರು ಪುಟ್ಟ ಮೂಳೆಗಳಲ್ಲಿ ಎರಡು, ಸಸ್ತನಿಗಳ ದೂರದ ಪೂರ್ವಜರಲ್ಲಿ ದವಡೆಯ ಕೀಲೇ ಆಗಿದ್ದವು. ಕೋಟ್ಯಂತರ ವರ್ಷಗಳಲ್ಲಿ ಅವು ಕಿವಿಗೆ ಸೇರಿದವು, ದವಡೆಗೆ ಬೇರೆ ಮೂಳೆಗಳಿಂದ ಹೊಸ ಕೀಲು ಬಂತು. ಈಗ ನಾವು ಬಳಸುತ್ತಿರುವುದು ಆ ಹೊಸದನ್ನು.

ಸ್ನಾಯು ಯಾಕೆ ನೋಯುತ್ತದೆ? ನಿಮ್ಮ ಹಲ್ಲುಗಳು ಈ ಕ್ಷಣ ಎಲ್ಲಿವೆ, ನೋಡಿಕೊಳ್ಳಿ. ತುಟಿ ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಕೆಲವು ಮಿಲಿಮೀಟರ್ ಸಂದು ಇರಬೇಕು. ಊಟ, ನುಂಗುವುದು ಎಲ್ಲ ಸೇರಿಸಿದರೂ ದಿನವಿಡೀ ಹಲ್ಲಿಗೆ ಹಲ್ಲು ತಾಗಬೇಕಾದ ಸಮಯ ಅರ್ಧ ಗಂಟೆಗಿಂತ ಕಡಿಮೆ. ಕಂಪ್ಯೂಟರ್ ಮುಂದೆ, ಟ್ರಾಫಿಕ್‌ನಲ್ಲಿ, ಚಿಂತೆಯಲ್ಲಿ ಸುಮ್ನೆ ಹಲ್ಲು ಕಚ್ಚಿ ಕೂತರೆ ಆ ಸ್ನಾಯುಗಳಿಗೆ ಬಿಡುವೇ ಇರುವುದಿಲ್ಲ. ರಾತ್ರಿ ಹಲ್ಲು ಕಡಿಯುವುದನ್ನು ಎಲ್ಲರೂ ದೂರುತ್ತಾರೆ. ಹಗಲಿನ ಈ ಕಚ್ಚುವಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದಿನ ವೈದ್ಯರು ನೋಡಿದ್ದು ಹಲ್ಲನ್ನು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಿಂದಿನ ಹಲ್ಲುಗಳು ಹೋದಮೇಲೆ ದವಡೆ ಅತಿಯಾಗಿ ಮುಚ್ಚಿಕೊಂಡು ಕೀಲಿನ ಮೇಲೆ ಒತ್ತಡ ಬೀಳುತ್ತದೆ, ಕಿವಿಯ ತೊಂದರೆಗಳು ಅದರಿಂದಲೇ ಎಂದು ಬರೆದರು. ಅವರು ಕೊಟ್ಟ ಕಾರಣ ನಿಲ್ಲಲಿಲ್ಲ. ಆದರೆ ಹಲ್ಲಿನ ಜೋಡಣೆಯೇ ಎಲ್ಲದರ ಮೂಲ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ದವಡೆ ನೋವಿಗೆಂದು ಚೆನ್ನಾಗಿದ್ದ ಹಲ್ಲುಗಳನ್ನು ಉಜ್ಜಿ ಸವೆಸಿದರು, ಕ್ಯಾಪ್ ಹಾಕಿದರು, ಕ್ಲಿಪ್ ಕಟ್ಟಿದರು.

ಶಸ್ತ್ರಚಿಕಿತ್ಸೆಯ ಕಥೆ ಇನ್ನೂ ನೋವಿನದು. 1980ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ಜನರ ಡಿಸ್ಕ್ ತೆಗೆದು, ಅದರ ಜಾಗಕ್ಕೆ ಟೆಫ್ಲಾನ್ ಮತ್ತು ಪ್ರೋಪ್ಲಾಸ್ಟ್ ಎಂಬ ವಸ್ತುಗಳ ತೆಳು ಹಾಳೆ ಇಟ್ಟರು. ಜಗಿಯುವ ಒತ್ತಡಕ್ಕೆ ಅದು ಚೂರುಚೂರಾಯಿತು. ಆ ಚೂರುಗಳ ಮೇಲೆ ದೇಹ ದಾಳಿ ಮಾಡಿತು, ಜೊತೆಗೆ ಸುತ್ತಲಿನ ಮೂಳೆಯೂ ಕರಗಿತು. 1990ರ ಹೊತ್ತಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಚ್ಚರಿಕೆ ಕೊಟ್ಟು ಅವನ್ನು ಹಿಂದಕ್ಕೆ ತೆಗೆಸಿತು. ಅಷ್ಟರಲ್ಲಿ ಎಷ್ಟೋ ಜನ ಜೀವನಪೂರ್ತಿ ನರಳುವಂತಾಗಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಇದನ್ನು ದವಡೆ ನೋಡುವ ಪ್ರತಿ ವೈದ್ಯರೂ ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಆಮೇಲೆ ಕೇಳುವ ಪ್ರಶ್ನೆಯೇ ಬದಲಾಯಿತು. ಒಪೆರಾ ಎಂಬ ದೊಡ್ಡ ಅಧ್ಯಯನದಲ್ಲಿ ದವಡೆ ನೋವಿಲ್ಲದ 2,737 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರಲ್ಲಿ 260 ಜನರಿಗೆ ಟಿಎಂಡಿ ಶುರುವಾಯಿತು. ಹೊಸದಾಗಿ ನೋವು ಬಂದವರಲ್ಲಿ ಮೊದಲೇ ಎದ್ದು ಕಾಣುತ್ತಿದ್ದ ಸಂಗತಿಗಳು ನಿದ್ದೆ ಸರಿಯಿಲ್ಲದಿರುವುದು, ಮೈಯಲ್ಲಿ ಬೇರೆ ಕಡೆ ನೋವುಗಳು, ಮನಸ್ಸಿನ ಒತ್ತಡ. ನೋವು ಮನಸ್ಸಿನ ಭ್ರಮೆ ಎಂದು ಇದರ ಅರ್ಥ ಅಲ್ಲವೇ ಅಲ್ಲ. ನೋವನ್ನು ಅಳೆಯುವ ನರಮಂಡಲವೇ ಸೂಕ್ಷ್ಮವಾಗಿಬಿಟ್ಟಿದ್ದರೆ ಸಾಧಾರಣ ಕೆಲಸವೂ ನೋಯುತ್ತದೆ. ನೋವು ನಿಜ, ಅದರ ಬೇರು ಮಾತ್ರ ದವಡೆಯಿಂದ ಆಚೆಗೂ ಹರಡಿದೆ.

ಹಾಗಾದರೆ ಏನು ಮಾಡಬೇಕು? ಹೊಸ ನೋವಾದರೆ ಕೆಲವು ವಾರ ದವಡೆಗೆ ವಿಶ್ರಾಂತಿ ಕೊಡಿ. ಮೆತ್ತಗಿನ ಆಹಾರ, ಸಣ್ಣ ತುತ್ತು. ಚೂಯಿಂಗ್ ಗಮ್ ಬೇಡ. ಆಕಳಿಕೆ ಬಂದರೆ ಗದ್ದಕ್ಕೆ ಮುಷ್ಟಿ ಆನಿಸಿ ತಡೆಯಿರಿ. ಕೆನ್ನೆಗೆ ಬಿಸಿ ಶಾಖ ಹಿತವಾಗುತ್ತದೆ. ನಾಲಗೆಯ ತುದಿಯನ್ನು ಮುಂದಿನ ಮೇಲ್ಹಲ್ಲುಗಳ ಹಿಂದೆ ಅಂಗುಳಕ್ಕೆ ಮೆಲ್ಲಗೆ ತಾಗಿಸಿ ಇಟ್ಟುಕೊಂಡರೆ ಹಲ್ಲುಗಳು ತಾವಾಗೇ ಬಿಡಿಸಿಕೊಳ್ಳುತ್ತವೆ. ದಿನಕ್ಕೆ ಹತ್ತಾರು ಸಲ ನೆನಪಾಗುವಂತೆ ಫೋನಿಗೋ ಮಾನಿಟರಿಗೋ ಒಂದು ಚೀಟಿ ಅಂಟಿಸಿ. ತೀರಾ ನೋವಿದ್ದ ದಿನಗಳಲ್ಲಿ ವೈದ್ಯರು ಹೇಳಿದ ಮಾತ್ರೆ ಸಾಕು. ಹೆಚ್ಚಿನವರಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ.

ಮೂರು ತಿಂಗಳು ಮೀರಿದ ನೋವಿಗೆ 2023ರ ಕೊನೆಗೆ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಒಂದು ಮಾರ್ಗಸೂಚಿ ಬಂತು. ಅದು ಬಲವಾಗಿ ಬೆಂಬಲಿಸಿದ್ದು ತಜ್ಞರ ಉಸ್ತುವಾರಿಯಲ್ಲಿ ದವಡೆಯ ವ್ಯಾಯಾಮ, ಕೈಯಿಂದ ಸ್ನಾಯು ಸಡಿಲಿಸುವ ಫಿಸಿಯೋಥೆರಪಿ, ಕುತ್ತಿಗೆ-ಬೆನ್ನಿನ ಭಂಗಿಯ ವ್ಯಾಯಾಮ, ನೋವಿನ ಜೊತೆ ಬಾಳಲು ಕಲಿಸುವ ಮನೋಚಿಕಿತ್ಸೆ. ಒಮ್ಮೆ ಮಾಡಿದರೆ ಹಿಂದಕ್ಕೆ ತರಲಾಗದ ಹಲ್ಲಿನ ಬದಲಾವಣೆಗಳನ್ನೂ ಡಿಸ್ಕ್ ತೆಗೆಯುವುದನ್ನೂ ಅದು ಬಲವಾಗಿ ಬೇಡ ಅಂದಿತು. ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಎಲ್ಲರಿಗೂ ಕೊಡುವ ವಸ್ತು ಅಲ್ಲ. ಅದು ಹಲ್ಲು ಸವೆಯದಂತೆ ಕಾಯುತ್ತದೆ, ಆದರೆ ಹಲ್ಲು ಕಡಿಯುವ ಅಭ್ಯಾಸವನ್ನು ನಿಲ್ಲಿಸುವುದಿಲ್ಲ. ಕೆಲವೇ ಹಲ್ಲುಗಳನ್ನು ಮುಚ್ಚುವ ನಮೂನೆಯದನ್ನು ಬಹುಕಾಲ ಹಾಕಿದರೆ ಹಲ್ಲಿನ ಜೋಡಣೆಯೇ ಬದಲಾಗಬಹುದು.

ಕಾಯಬಾರದ ಸಂದರ್ಭಗಳೂ ಇವೆ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಜಗಿಯುವಾಗ ದವಡೆ ಸೋತು ನೋಯುವುದು, ಕಣ್ಣು ಮಂಜಾಗುವುದು ಶುರುವಾದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ದೃಷ್ಟಿ ಹೋಗುವ ಅಪಾಯವಿದೆ, ಅದೇ ದಿನ ವೈದ್ಯರನ್ನು ನೋಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು, ಕೂತರೆ ಹೋಗುವ ದವಡೆ ನೋವು ಹೃದಯದ್ದಿರಬಹುದು. ಜ್ವರದ ಜೊತೆ ಊತ, ಮುಖ ಮರಗಟ್ಟುವುದು, ಬಾಯಿ ವಾರದಿಂದ ವಾರಕ್ಕೆ ಕಿರಿದಾಗುತ್ತಾ ಹೋಗುವುದು, ಇವೂ ಮನೆಮದ್ದಿಗೆ ಬಿಡುವಂಥವಲ್ಲ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಇಲ್ಲದೆ ಆಗದವರೂ ಇದ್ದಾರೆ. ಕೀಲು ಮೂಳೆಗೆ ಮೂಳೆ ಬೆಸೆದು ಬಾಯಿಯೇ ತೆರೆಯದಿರುವವರು, ಸಂಧಿವಾತದಿಂದ ಕೀಲು ಪೂರ್ತಿ ಸವೆದವರು, ಗಡ್ಡೆ ಇರುವವರು. ಇವರಿಗೆ ಈಗ ಲೋಹ ಮತ್ತು ಗಟ್ಟಿ ಪ್ಲಾಸ್ಟಿಕ್‌ನ ಕೃತಕ ಕೀಲುಗಳಿವೆ, ಅವು ಹಳೆಯ ಟೆಫ್ಲಾನ್ ಹಾಳೆಗಳಿಗಿಂತ ಎಷ್ಟೋ ಮೇಲು. ಉಳಿದವರಿಗೆ ಯಾರಾದರೂ ಹಲ್ಲು ಸವೆಸಿ ಸರಿಮಾಡುತ್ತೇವೆ, ಕೀಲು ತೆರೆದು ನೋಡುತ್ತೇವೆ ಅಂದರೆ, ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ ಎಂದು ಕೇಳಿ. ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ.