ಹರ್ಷಿ ಬೇರ್ಸ್: ಸ್ವಂತ ಸೂರಿದ್ದ ತಂಡದ ಕಥೆ

ಹಾಕಿ ಎಂದರೆ ನಮ್ಮ ಕಡೆ ಹುಲ್ಲಿನ ಅಂಕಣ, ಕೊಡಗಿನ ಕೌಟುಂಬಿಕ ಪಂದ್ಯಾವಳಿ. ಈ ಟಿಪ್ಪಣಿಯ ಹಾಕಿ ಬೇರೆ. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ. ಆಟಗಾರರು ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುತ್ತಾರೆ, ಗೋಲ್‌ಕೀಪರ್ ಸೇರಿ ಒಂದು ಬದಿಗೆ ಆರು ಜನ. ಆಟದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು, ನಾವು ಓದುತ್ತಿರುವುದು ತಂಡದ ಚರಿತ್ರೆಯನ್ನು.

ಮೊದಲು ‘ಮೈನರ್ ಲೀಗ್’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಕೆಳದರ್ಜೆಯ ಲೀಗ್ ಎಂದು ಬರೆದುಕೊಂಡು ಮುಂದೆ ಹೋದರೆ ಅರ್ಧ ತಪ್ಪು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಕೆಳಗಿನ ತಂಡ ಗೆದ್ದರೆ ಮೇಲಿನ ದರ್ಜೆಗೆ ಏರುತ್ತದೆ. ಅಮೆರಿಕದ ಐಸ್ ಹಾಕಿಯಲ್ಲಿ ತಂಡ ಏರುವುದಿಲ್ಲ, ಆಟಗಾರ ಮಾತ್ರ ಏರುತ್ತಾನೆ. ಮೇಲೆ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್, ಎಎಚ್‌ಎಲ್. ಈಗ ಎರಡರಲ್ಲೂ 32 ತಂಡಗಳು, ಮೇಲಿನ ಒಂದಕ್ಕೆ ಕೆಳಗಿನ ಒಂದು ಜೋಡಿ. ಕೆಳಗೆ ಆಡುವ ಹುಡುಗರಲ್ಲಿ ಹೆಚ್ಚಿನವರ ಕರಾರು ಇರುವುದು ಮೇಲಿನ ‘ತಾಯಿ ತಂಡ’ದ ಜೊತೆ. ಮೇಲೆ ಯಾರದಾದರೂ ಮೊಣಕಾಲು ಉಳುಕಿತೋ, ಕೆಳಗಿನ ತಂಡದ ಒಳ್ಳೆಯ ಆಟಗಾರ ಸಂಜೆಯ ಹೊತ್ತಿಗೆ ಹೊರಟೇಹೋಗಿರುತ್ತಾನೆ. ಇದಕ್ಕೆ ‘ಕಾಲ್ ಅಪ್’ ಎಂದು ಹೆಸರು.

ಆಟಗಾರರೂ ತನ್ನವರಲ್ಲ, ಕೆಲವೊಮ್ಮೆ ಕೋಚ್ ಕೂಡ ತನ್ನವನಲ್ಲ. ಹಾಗಾದರೆ ಇಂಥ ತಂಡಕ್ಕೆ ಚರಿತ್ರೆ ಎಂದರೇನು? ಉತ್ತರ ಹುಡುಕಲು ಪೆನ್ಸಿಲ್ವೇನಿಯಾದ ಹರ್ಷಿ ಬೇರ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಈ ಲೀಗಿಗೆ 1938ರಲ್ಲಿ ಅದು ಬಂದಾಗ ಜೊತೆಗಿದ್ದವು ಪ್ರಾವಿಡೆನ್ಸ್, ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ಸ್ಪ್ರಿಂಗ್‌ಫೀಲ್ಡ್, ನ್ಯೂ ಹೇವನ್, ಸಿರಾಕ್ಯೂಸ್: ಒಟ್ಟು ಎಂಟು ತಂಡಗಳು. ಅದೇ ಊರಲ್ಲಿ, ಅದೇ ಹೆಸರಲ್ಲಿ, ನಡುವೆ ನಿಲ್ಲದೆ ಇವತ್ತಿಗೂ ಆಡುತ್ತಿರುವುದು ಹರ್ಷಿ ಒಂದೇ. ಎಂಟರಲ್ಲಿ ಅತಿ ಚಿಕ್ಕ ಊರು ಅದರದು! ದೊಡ್ಡ ನಗರಗಳ ತಂಡಗಳು ಏಕೆ ಉಳಿಯಲಿಲ್ಲ ಎಂಬುದನ್ನು ಆಮೇಲೆ ನೋಡೋಣ.

ಹೆಸರು ಕೇಳಿ ಚಾಕೊಲೇಟ್ ನೆನಪಾಗಿದ್ದರೆ ಸರಿಯಾಗಿಯೇ ನೆನಪಾಗಿದೆ. ಮಿಲ್ಟನ್ ಹರ್ಷಿ ಎಂಬಾತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಸು ಮೇಯುವ ಬಯಲಿನಲ್ಲಿ ಕಾರ್ಖಾನೆ ಕಟ್ಟಿ, ಸುತ್ತ ಒಂದು ಊರನ್ನೇ ಎಬ್ಬಿಸಿದ. 1909ರಲ್ಲಿ ಅನಾಥ ಹುಡುಗರಿಗಾಗಿ ಶಾಲೆ ತೆರೆದ. ಅವನಿಗೆ ಮಕ್ಕಳಿರಲಿಲ್ಲ. 1918ರಲ್ಲಿ ತನ್ನ ಆಸ್ತಿಯ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟ. ಈ ಟ್ರಸ್ಟನ್ನು ಗುರುತು ಹಾಕಿಟ್ಟುಕೊಳ್ಳಿ, ಬೇರ್ಸ್ ತಂಡವನ್ನು ಇಂದು ನಡೆಸುವ ಹರ್ಷಿ ಎಂಟರ್‌ಟೈನ್‌ಮೆಂಟ್ ಕಂಪನಿಯ ಒಡೆತನ ಅದರದೇ.

ಊರಿಗೆ ಹಾಕಿ ಬಂದದ್ದು 1931ರ ಫೆಬ್ರವರಿಯಲ್ಲಿ, ಐಸ್ ಪ್ಯಾಲೇಸ್ ಎಂಬ ಸಣ್ಣ ಅಂಕಣದಲ್ಲಿ ನಡೆದ ಒಂದು ಹವ್ಯಾಸಿ ಪಂದ್ಯದ ಮೂಲಕ. ಜನ ಮುಗಿಬಿದ್ದರು. ಮರುವರ್ಷ ಕಂಪನಿಯ ಜಾನ್ ಸೋಲನ್‌ಬರ್ಗರ್ ಮತ್ತು ಕ್ವಿಬೆಕ್‌ನಿಂದ ಬಂದಿದ್ದ ಆಟಗಾರ ಲಾಯ್ಡ್ ಬ್ಲಿಂಕೊ ಸೇರಿ ಊರಿಗೊಂದು ಕಾಯಂ ತಂಡ ಕಟ್ಟಿದರು. ಹೆಸರು ಹರ್ಷಿ ಬಾರ್ಸ್. ಚಾಕೊಲೇಟ್ ಬಾರೂ ಹೌದು, ಹಳ್ಳಿ ಉಚ್ಚಾರಣೆಯ ಕರಡಿಯೂ ಹೌದು, ಒಂದೇ ಏಟಿಗೆ ಎರಡು ಅರ್ಥ. ಹೆಸರಿನಲ್ಲೇ ಇಷ್ಟು ಜಾಹೀರಾತು ಅತಿಯಾಯಿತೆಂದು ಆಕ್ಷೇಪ ಬಂದು 1936ರಲ್ಲಿ ಅದು ನೆಟ್ಟಗೆ ಬೇರ್ಸ್ ಆಯಿತು. ಈಗ ಅದೇ ತಂಡ ಆಡುವ ಕಟ್ಟಡಕ್ಕೆ ಒಂದು ಸೂಪರ್‌ಮಾರ್ಕೆಟಿನ ಹೆಸರಿದೆ, ಯಾರಿಗೂ ಆಕ್ಷೇಪವಿಲ್ಲ.

1936 ನೆನಪಿಡಬೇಕಾದ ವರ್ಷ, ಆದರೆ ಹೆಸರಿಗಾಗಿ ಅಲ್ಲ, ಕಟ್ಟಡಕ್ಕಾಗಿ. ಮಹಾ ಆರ್ಥಿಕ ಕುಸಿತದ ಕಾಲ. ಎಲ್ಲೆಡೆ ಕೆಲಸ ನಿಂತಿದ್ದಾಗ ಮಿಲ್ಟನ್ ಹರ್ಷಿ ಮಾತ್ರ ಹೋಟೆಲ್, ಸಮುದಾಯ ಭವನ ಎಂದು ಒಂದರ ಹಿಂದೊಂದು ಕಟ್ಟಿಸುತ್ತಲೇ ಇದ್ದ. ಆ ಸಾಲಿನಲ್ಲಿ ಬಂದದ್ದು ಹರ್ಷಿ ಸ್ಪೋರ್ಟ್ಸ್ ಅರೀನಾ. ಏಳು ಸಾವಿರಕ್ಕೂ ಹೆಚ್ಚು ಆಸನ, ಒಳಗೆ ನೋಟಕ್ಕೆ ಅಡ್ಡ ಬರುವ ಒಂದು ಕಂಬವೂ ಇಲ್ಲ. ಎಂಜಿನಿಯರ್ ಆಂಟನ್ ಟೆಡೆಸ್ಕೊ ಜರ್ಮನಿಯಲ್ಲಿ ಬೆಳೆದಿದ್ದ ತಂತ್ರವನ್ನು ತಂದು, ಮೊಟ್ಟೆಯ ಚಿಪ್ಪಿನಂತೆ ಬಾಗಿದ ಕಾಂಕ್ರೀಟ್ ಮಾಡು ಹಾಕಿಸಿದ. ಬಹುಭಾಗದಲ್ಲಿ ಅದರ ದಪ್ಪ ಮೂರೂವರೆ ಇಂಚು. ಅಮೆರಿಕದಲ್ಲಿ ಆ ಗಾತ್ರದ ಚಿಪ್ಪು ಮಾಡುಗಳಲ್ಲಿ ಅದು ಮೊದಲ ಸಾಲಿನದು, ಸಿವಿಲ್ ಎಂಜಿನಿಯರಿಂಗ್ ಓದುವವರು ಇದಕ್ಕಾಗಿಯೇ ಈ ಊರಿನ ಹೆಸರು ಕೇಳಿರುತ್ತಾರೆ. ಬಾಸ್ಕೆಟ್‌ಬಾಲ್ ಪ್ರಿಯರು ಕೇಳಿರುವುದು ಬೇರೆ ಕಾರಣಕ್ಕೆ: ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಇದೇ ಮಾಡಿನ ಕೆಳಗೆ, 1962ರ ಮಾರ್ಚ್ 2ರಂದು.

ಧಣಿಯ ಔದಾರ್ಯದ ಇನ್ನೊಂದು ಮಗ್ಗುಲನ್ನೂ ಬರೆದುಕೊಳ್ಳಿ. ಅರೀನಾ ತೆರೆದ ನಾಲ್ಕೇ ತಿಂಗಳಿಗೆ, 1937ರ ಏಪ್ರಿಲ್‌ನಲ್ಲಿ, ಚಾಕೊಲೇಟ್ ಕಾರ್ಖಾನೆಯ ಕಾರ್ಮಿಕರು ಒಳಗೇ ಕುಳಿತು ಮುಷ್ಕರ ಹೂಡಿದರು. ಹಾಲು ಪೂರೈಸುತ್ತಿದ್ದ ರೈತರೂ ಮುಷ್ಕರಕ್ಕೆ ಸೇರದ ಕೆಲಸಗಾರರೂ ನುಗ್ಗಿ ಅವರನ್ನು ಹೊಡೆದು ಹೊರಗಟ್ಟಿದರು. ಎಲ್ಲವೂ ಒಬ್ಬನದೇ ಆಗಿರುವ ಊರಿನಲ್ಲಿ ತಂಡ ಉಳಿಯುವುದು ಸುಲಭ. ಎದುರು ಮಾತಾಡುವುದು ಅಷ್ಟು ಸುಲಭವಲ್ಲ.

ಈಗ ಆ ಪ್ರಶ್ನೆಗೆ ಬರೋಣ, ಬೇರೆ ತಂಡಗಳು ಏಕೆ ಅಳಿದವು? ಪಿಟ್ಸ್‌ಬರ್ಗ್ ಹಾರ್ನೆಟ್ಸ್ ಆಡುತ್ತಿದ್ದ ಡುಕೇನ್ ಗಾರ್ಡನ್ಸ್ ಕಟ್ಟಡವನ್ನು 1956ರಲ್ಲಿ ಕೆಡವಲು ಹೊರಟರು. ಆಡಲು ಜಾಗವಿಲ್ಲದೆ ತಂಡ ಐದು ವರ್ಷ ಬಾಗಿಲು ಹಾಕಿತು. ಮತ್ತೆ ಶುರುವಾಗಿ 1967ರಲ್ಲಿ ಲೀಗಿನ ಕಾಲ್ಡರ್ ಕಪ್ ಗೆದ್ದಿತು, ಆದರೆ ಅದೇ ವರ್ಷ ನಗರಕ್ಕೆ ಎನ್‌ಎಚ್‌ಎಲ್‌ನ ಪೆಂಗ್ವಿನ್ಸ್ ಬಂತು. ಗೆದ್ದ ತಂಡಕ್ಕೇ ಮುಕ್ತಾಯ. ಒಂಬತ್ತು ಕಪ್ ಗೆದ್ದಿದ್ದ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್‌ನ ಪಾಡೂ ಹೀಗೇ. ಊರಿಗೆ ದೊಡ್ಡ ಲೀಗಿನ ಹೊಸ ತಂಡ ಬಂದ ಮೇಲೆ 1973ರಲ್ಲಿ, ಋತುವಿನ ನಡುವೆಯೇ, ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಗಂಟುಮೂಟೆ ಕಟ್ಟಿತು. ದೊಡ್ಡ ನಗರದಲ್ಲಿ ದೊಡ್ಡ ಲೀಗ್ ಬಂದು ಬಾಗಿಲು ತಟ್ಟುತ್ತದೆ. ಹರ್ಷಿಯಂಥ ಚಿಕ್ಕ ಊರಿಗೆ ಅದು ಬರುವ ಪ್ರಶ್ನೆಯೇ ಇಲ್ಲ, ಜೊತೆಗೆ ಸೂರು ಸ್ವಂತದ್ದು.

ಪರೀಕ್ಷೆಯಲ್ಲಿ ಎಡವುವ ಜಾಗವೊಂದಿದೆ. ‘ಫ್ರಾಂಚೈಸಿ’ ಬೇರೆ, ‘ತಂಡ’ ಬೇರೆ. ಪ್ರಾವಿಡೆನ್ಸ್ ರೆಡ್ಸ್‌ನ ಫ್ರಾಂಚೈಸಿ, ಅಂದರೆ ಲೀಗಿನಲ್ಲಿ ಆಡುವ ಹಕ್ಕು, 1977ರಲ್ಲಿ ಬಿಂಗ್‌ಹ್ಯಾಂಟನ್‌ಗೂ 1997ರಲ್ಲಿ ಹಾರ್ಟ್‌ಫರ್ಡ್‌ಗೂ ಹೋಯಿತು. ಹಕ್ಕುಪತ್ರದ ವಂಶಾವಳಿ ಹಿಡಿದರೆ ಹಾರ್ಟ್‌ಫರ್ಡ್ ವುಲ್ಫ್ ಪ್ಯಾಕ್‌ನ ಬೇರು ಹರ್ಷಿಗಿಂತ ಹಳೆಯದು. ಮನೆ, ಹೆಸರು, ಊರು ಹಿಡಿದರೆ ಹರ್ಷಿಯೇ ಹಿರಿದು.

ಹಾರ್ನೆಟ್ಸ್ ಬಾಗಿಲು ಹಾಕಿದ್ದರಿಂದ ಹರ್ಷಿಗೆ ನೇರ ಲಾಭವೂ ಆಯಿತು. ಅಲ್ಲಿನ ರಕ್ಷಣಾ ಆಟಗಾರ ಫ್ರಾಂಕ್ ಮ್ಯಾಥರ್ಸ್, ಸೆಂಟರ್ ಸ್ಥಾನದ ವಿಲ್ಲಿ ಮಾರ್ಷಲ್ ಇಲ್ಲಿಗೆ ಬಂದರು. ಮಾರ್ಷಲ್ ಎಎಚ್‌ಎಲ್‌ನಲ್ಲಿ ಒಟ್ಟು 523 ಗೋಲು ಹೊಡೆದ, ಆ ದಾಖಲೆ ಇನ್ನೂ ಮುರಿದಿಲ್ಲ. ಮ್ಯಾಥರ್ಸ್ ಆಟಗಾರನೂ ಹೌದು, ಕೋಚೂ ಹೌದು. ಎರಡೇ ವರ್ಷದಲ್ಲಿ, 1958 ಮತ್ತು 1959ರಲ್ಲಿ, ಸತತ ಎರಡು ಕಪ್. 1969ರಲ್ಲಿ ಕೋಚ್ ಆಗಿ ಮೂರನೆಯದು. ನಂತರ ಆಡಳಿತಗಾರನಾಗಿ 1974, 1980, 1988ರಲ್ಲಿ ಇನ್ನು ಮೂರು. 1991ರವರೆಗೆ, ಮೂವತ್ತೈದು ವರ್ಷ, ಒಂದೇ ಊರು, ಒಂದೇ ತಂಡ. ಎಲ್ಲರೂ ಹೊರಟು ನಿಂತಿರುವ ಲೀಗಿನಲ್ಲಿ ಇವನು ನೆಲೆ ನಿಂತ. ನನ್ನನ್ನು ಕೇಳಿದರೆ ತಂಡದ ಚರಿತ್ರೆಯ ನಡುಗಂಬ ಇವನೇ.

ತಾಯಿ ತಂಡಗಳಾದರೋ ಬಂದು ಹೋಗುತ್ತಲೇ ಇದ್ದವು. ಬಾಸ್ಟನ್, ಪಿಟ್ಸ್‌ಬರ್ಗ್, ಬಫಲೊ; 1977ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್, 1984ರಿಂದ ಫಿಲಡೆಲ್ಫಿಯಾ, 1996ರಿಂದ ಕೊಲರಾಡೊ, 2005ರಿಂದ ಮತ್ತೆ ವಾಷಿಂಗ್ಟನ್. ಈ ವರ್ಷಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಇವೆಲ್ಲ ಕರಾರುಗಳು, ಹರ್ಷಿ ಮಾತ್ರ ಯಾರ ಸೊತ್ತೂ ಆಗಲಿಲ್ಲ ಎಂಬುದನ್ನು ಹಿಡಿದರೆ ಸಾಕು.

ತಾಯಿ ತಂಡ ಏನೆಲ್ಲ ಕಿತ್ತುಕೊಳ್ಳಬಹುದು ಎಂಬುದಕ್ಕೆ 1979–80ರ ಋತು ನೋಡಿ. ಸೀಸನ್ ಶುರುವಾಗಿ ಕೆಲವೇ ವಾರಕ್ಕೆ ವಾಷಿಂಗ್ಟನ್ ಹರ್ಷಿಯ ಕೋಚ್ ಗ್ಯಾರಿ ಗ್ರೀನ್‌ನನ್ನೇ ಮೇಲಕ್ಕೆ ಕರೆಸಿಕೊಂಡಿತು. ಅವನಿಗೆ ಆಗ 26 ವರ್ಷ, ಎನ್‌ಎಚ್‌ಎಲ್‌ನ ಅತಿ ಕಿರಿಯ ಮುಖ್ಯ ಕೋಚ್. ಕೆಳಗುಳಿದ ತಂಡ ಕುಂಟುತ್ತಾ 35 ಗೆದ್ದು 39 ಸೋತಿತು. ಆದರೂ ಪ್ಲೇಆಫ್‌ಗೆ ನುಸುಳಿ ಕಪ್ ಹೊತ್ತು ತಂದಿತು! ಇದಕ್ಕೆ ಪೂರ್ತಿ ತದ್ವಿರುದ್ಧ 1988: ಪ್ಲೇಆಫ್‌ನಲ್ಲಿ ಹನ್ನೆರಡು ಪಂದ್ಯ, ಹನ್ನೆರಡೂ ಗೆಲುವು.

2002ರಲ್ಲಿ ತಂಡ ಹಳೆಯ ಮಾಡು ಬಿಟ್ಟು ಪಕ್ಕದ ಜೈಂಟ್ ಸೆಂಟರ್‌ಗೆ ಬಂತು, ಹಾಕಿಗೆ ಸುಮಾರು ಹತ್ತೂವರೆ ಸಾವಿರ ಆಸನ. ವಾಷಿಂಗ್ಟನ್ ಮರಳಿದ ಮೇಲೆ 2006, 2009, 2010ರಲ್ಲಿ ಕಪ್ ಬಂದವು. 2009–10ರಲ್ಲಿ ಸಾಮಾನ್ಯ ಋತುವಿನಲ್ಲೇ 60 ಗೆಲುವು, ಅದು ಲೀಗಿನ ದಾಖಲೆ. ಫೈನಲ್‌ನಲ್ಲಿ ಮೊದಲೆರಡು ಪಂದ್ಯ ತವರಿನಲ್ಲೇ ಸೋತು, ಆಮೇಲೆ ಟೆಕ್ಸಸ್ ಸ್ಟಾರ್ಸ್ ವಿರುದ್ಧ ಸತತ ನಾಲ್ಕು ಗೆದ್ದರು. 2023ರ ಫೈನಲ್ ಇನ್ನೂ ರೋಚಕ. ಎದುರಾಳಿ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ ಹುಟ್ಟಿದ ಮೊದಲ ಋತುವಿನಲ್ಲೇ ಫೈನಲ್‌ಗೆ ಬಂದಿತ್ತು, ಇತ್ತ ಲೀಗಿನಲ್ಲಿ 85 ವರ್ಷದ ಹಿರಿಯ. ಹಿರಿಯ ಮೊದಲೆರಡನ್ನು ಒಂದೂ ಗೋಲಿಲ್ಲದೆ ಸೋತ. ಕೊನೆಗೆ ಏಳನೇ ಪಂದ್ಯ, ಅದೂ ಕ್ಯಾಲಿಫೋರ್ನಿಯಾದಲ್ಲಿ, ಹೆಚ್ಚುವರಿ ಅವಧಿಗೆ ಹೋಗಿ ಮೈಕ್ ವೆಕ್ಕಿಯೋನಿಯ ಗೋಲಿನಿಂದ 3–2. ಮರುವರ್ಷ ಅದೇ ಎದುರಾಳಿಯನ್ನು ಮತ್ತೆ ಮಣಿಸಿದಾಗ ಕಪ್‌ಗಳ ಲೆಕ್ಕ 13ಕ್ಕೆ ಏರಿತು. ಲೀಗಿನಲ್ಲಿ ಇನ್ಯಾರ ಬಳಿಯೂ ಅಷ್ಟಿಲ್ಲ.

ಆದರೆ ಊರಿನವರನ್ನು ಅರ್ಥ ಮಾಡಿಕೊಳ್ಳಲು ಕಪ್‌ಗಳಿಗಿಂತ ‘ಟೆಡ್ಡಿ ಬೇರ್ ಟಾಸ್’ ನೋಡುವುದು ಒಳ್ಳೆಯದು. ವರ್ಷಕ್ಕೊಂದು ಪಂದ್ಯದಲ್ಲಿ ಬೇರ್ಸ್ ಮೊದಲ ಗೋಲು ಹೊಡೆದ ಕ್ಷಣ ಪ್ರೇಕ್ಷಕರೆಲ್ಲ ಮನೆಯಿಂದ ತಂದ ಮೆತ್ತನೆ ಗೊಂಬೆಗಳನ್ನು ಅಂಕಣಕ್ಕೆ ಎಸೆಯುತ್ತಾರೆ. ಆಟ ನಿಲ್ಲುತ್ತದೆ, ಬಿಳಿ ಮಂಜು ಕಾಣದಷ್ಟು ಗೊಂಬೆ ತುಂಬುತ್ತದೆ, ಆರಿಸಿ ತೆಗೆದು ಮಕ್ಕಳ ಸಂಸ್ಥೆಗಳಿಗೆ ಕೊಡುತ್ತಾರೆ. 2024ರಲ್ಲಿ ಎಣಿಸಿದಾಗ 74,599. 2025ರ ಜನವರಿ 5ರಂದು 1,02,343. ಆಸನಗಳಿರುವುದು ಹತ್ತೂವರೆ ಸಾವಿರ, ಭಾಗಿಸಿ ನೋಡಿ: ತಲೆಗೆ ಹತ್ತತ್ತಿರ ಹತ್ತು ಗೊಂಬೆ.